ಎದುರು ಮನೆಯ ಬೀರುವಿನಲ್ಲಿಟ್ಟ ನಕ್ಷೆ

ಅವರು ತೀರಿಕೊಂಡ ದಿನ ನಮ್ಮ ಪತ್ರಿಕೆಯ ಜಿಲ್ಲಾ ಪುಟಕ್ಕೆ ಒಂದು ಸಣ್ಣ ನಿಧನ ಸುದ್ದಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಡೆಸ್ಕಿನಿಂದ ಫೋನ್ ಬಂತು.

“ಸಾರ್, ದೊಡ್ಡಬಳ್ಳಾಪುರದ ಈ ಮೇಡಂ ಯಾರು? ಸಂಘ ಗಿಂಘದ ಅಧ್ಯಕ್ಷರಾ? ಪ್ರಶಸ್ತಿ ಏನಾದ್ರೂ ಬಂದಿತ್ತಾ?”

“ಇಲ್ಲ. ಮನೆಗಳಿಗೆ ಹೋಗಿ ಹಳೇ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಕೊಡ್ತಿದ್ರು. ಅವರು ಕೈಹಾಕಿದ ಮೇಲೆ ಯಾರದ್ದೂ ಏನೂ ಕಳೆದುಹೋಗಿಲ್ಲ.”

ಆ ಕಡೆಯ ಹುಡುಗ, “ಜಾಗ ಇದ್ರೆ ನೋಡ್ತೀನಿ ಸಾರ್” ಎಂದ. ಜಾಗ ಇರಲಿಲ್ಲ. ಅವನನ್ನು ದೂರುವಂತಿಲ್ಲ. ಕಳೆದುಹೋಗಿದ್ದು ಸುದ್ದಿ, ಕಳೆಯದೆ ಉಳಿದದ್ದು ಸುದ್ದಿಯಲ್ಲ. ನಾನೂ ಇಷ್ಟು ವರ್ಷ ಅದೇ ಲೆಕ್ಕದಲ್ಲಿ ತಾಲ್ಲೂಕು ವರದಿ ಕಳಿಸಿದವನು.

ಅವನಿಗೆ ಹೇಳಿದ್ದರಲ್ಲಿ ಒಂದು ತಿದ್ದುಪಡಿ ಮಾಡಬೇಕು. ಅವರ ಕೈಯಲ್ಲೂ ಒಮ್ಮೆ ಕಳೆದಿತ್ತು. ಅದು ನಾನು ಅವರನ್ನು ಕಾಣುವುದಕ್ಕಿಂತ ಬಹಳ ಹಿಂದೆ, ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವರು ಪಾಠ ಹೇಳುತ್ತಿದ್ದ ಕಾಲದಲ್ಲಿ. ಕೇಂದ್ರದ ಯಂತ್ರವೊಂದನ್ನು ಅಳಿಸಿ ಹೊಸದಾಗಿ ಕಟ್ಟಬೇಕಿತ್ತು. ಅದರಲ್ಲಿ ಸಹೋದ್ಯೋಗಿಯೊಬ್ಬರ ಮದುವೆಯ ಫೋಟೋಗಳಿದ್ದವು. “ಎಲ್ಲಾ ಕಾಪಿ ಆಗಿದೆ ಮೇಡಂ, ನೀವು ಹೊಡೀರಿ” ಎಂದರು ಆ ಸಹೋದ್ಯೋಗಿ. ಇವರು ಅಳಿಸಿದರು. ಕಾಪಿಯಾಗಿದ್ದದ್ದು ಪರದೆಯ ಮೇಲಿನ ಶಾರ್ಟ್‌ಕಟ್ ಚಿಹ್ನೆಗಳು ಮಾತ್ರ. ಫೋಟೋದ ಹೆಸರು ಪೆನ್ ಡ್ರೈವ್‌ನಲ್ಲಿತ್ತು, ಫೋಟೋ ಇರಲಿಲ್ಲ.

ಇದನ್ನು ಅವರೇ ನನಗೆ ಹೇಳಿದ್ದು. ಹೇಳುವಾಗ ಮುಖದಲ್ಲಿ ಪಶ್ಚಾತ್ತಾಪವೇನೂ ಇರಲಿಲ್ಲ, ಸಿಟ್ಟಿತ್ತು. “ಅವರು ಕಾಪಿ ಆಗಿದೆ ಅಂದ್ರು, ನಾನು ನಂಬಿದೆ. ಪಾಠ ಹೇಳೋಳು ನಾನು. ನಂಬೋದು ನನ್ ಕೆಲಸ ಅಲ್ಲ, ತೆಗೆದು ನೋಡೋದು ನನ್ ಕೆಲಸ.” ಅಲ್ಲಿಂದಾಚೆಗೆ ಅವರದೊಂದು ನಿಯಮ. ಕಾಪಿ ತೆಗೆದ ಡಿಸ್ಕನ್ನು ಅದೇ ಯಂತ್ರದಲ್ಲಿ ನೋಡುವುದಲ್ಲ. ತಾವು ತಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಮನೆಯವರ ಕೈಯಲ್ಲೇ ಒಂದೊಂದು ಫೈಲು ತೆರೆಸಬೇಕು. ತೆರೆಯದ ಕಾಪಿಯನ್ನು ಅವರು ಕಾಪಿ ಎಂದು ಕರೆಯುತ್ತಿರಲಿಲ್ಲ.

ಊರಿನಲ್ಲಿ ಎಲ್ಲರಿಗೂ ಅವರು ಕಂಪ್ಯೂಟರ್ ಮೇಡಂ. ಹೆಸರು ನಾನಿಲ್ಲಿ ಬರೆಯುತ್ತಿಲ್ಲ. ಅವರು ಇದ್ದಾಗ ಒಮ್ಮೆ ಅವರ ಬಗ್ಗೆ ಬರೆಯುತ್ತೇನೆಂದು ಕೇಳಿದ್ದೆ. “ಪೇಪರಲ್ಲಿ ಹೆಸರು ಬಂದ್ರೆ ಮಾರನೇ ದಿನ ಊರಿನ ಹಳೇ ಪ್ರಿಂಟರೆಲ್ಲಾ ನಮ್ಮನೆ ಜಗುಲಿ ಮೇಲಿರ್ತವೆ. ಬೇಡ ರಿಪೋರ್ಟರ್ರೇ” ಎಂದಿದ್ದರು. ಹಾಗಾಗಿ ಹೆಸರಿಲ್ಲ.

ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಅವರ ಮನೆ. ಯಜಮಾನರು ಸಾರಿಗೆ ಬಸ್ಸಿನ ಚಾಲಕರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ಕನ್ನಡ, ಕಂಪ್ಯೂಟರಿನ ಜೊತೆ ಮಾತಾಡುವಾಗ ಎರಡೂ. ಎತ್ತರದ ಆಳು, ನಡಿಗೆ ಬಿರುಸು, ದಾರದಲ್ಲಿ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ತರಬೇತಿ ಕೇಂದ್ರ ಮುಚ್ಚಿದ ಮೇಲೆ ಕೆಲಸ ಹುಡುಕಲಿಲ್ಲ. ಕರೆದವರ ಮನೆಗೆ ಹೋಗುತ್ತಿದ್ದರು. ಕರೆದ ಕೂಡಲೇ ಅಲ್ಲ. ಮೊದಲು ಫೋನಿನಲ್ಲೇ ಒಂದು ವಿಚಾರಣೆ ನಡೆಯುತ್ತಿತ್ತು.

ಆ ವಿಚಾರಣೆಯನ್ನು ನಾನು ಒಮ್ಮೆ ಪಕ್ಕದಲ್ಲಿ ಕೂತು ಕೇಳಿದ್ದೇನೆ. ಆ ತುದಿಯಲ್ಲಿದ್ದದ್ದು ನನಗೆ ಪರಿಚಯದ ಒಬ್ಬ ವಕೀಲರು. ಯಂತ್ರಕ್ಕೆ ಎಷ್ಟು ವಯಸ್ಸು? ಈ ಯಂತ್ರದಲ್ಲಿ ಮಾತ್ರ ಓಡುವ ತಂತ್ರಾಂಶ ಯಾವುದಾದರೂ ಇದೆಯೇ? ಕಂಪ್ಯೂಟರು ತಾನೇ ನೆನಪಿಟ್ಟುಕೊಂಡಿರುವ ಪಾಸ್‌ವರ್ಡುಗಳನ್ನು ನೀವು ನೋಡದೆ ಹೇಳಬಲ್ಲಿರಾ? ಯುಪಿಎಸ್ ಇದೆಯೇ? ಕೊನೆಗೆ, “ಹೋದ್ರೆ ಅಳೋದು ಯಾವುದಕ್ಕೆ?”

ವಕೀಲರು ಕೇಸಿನ ಕಾಗದಗಳೆಲ್ಲ ಆಫೀಸಿನಲ್ಲೂ ಇವೆ, ಅಳುವಂಥದ್ದೇನೂ ಇಲ್ಲ ಎಂದು ನಕ್ಕರು. ಫೋನಿನೊಳಗಿಂದ ಹೆಂಗಸಿನ ದನಿ ಕೇಳಿಸಿತು: “ರೀ, ಮಗೂದು ನಾಮಕರಣದ ಫೋಟೋ ಎಲ್ಲಾ ಅದರಲ್ಲೇ ಅಲ್ವಾ ಇರೋದು!”

“ಫೋನ್ ಅವರಿಗೆ ಕೊಡಿ” ಎಂದರು ಮೇಡಂ. ಉಳಿದ ಮಾತೆಲ್ಲ ವಕೀಲರ ಹೆಂಡತಿಯ ಜೊತೆ.

ಯುಪಿಎಸ್ ಇದೆ ಎಂದರೆ ನಂಬುವವರಲ್ಲ. ಕಂಪ್ಯೂಟರಿನಲ್ಲಿ ಏನೂ ಕೆಲಸ ನಡೆಯದಿದ್ದಾಗ ಗೋಡೆಯ ಪ್ಲಗ್ಗನ್ನು ತಾವೇ ಎಳೆದು, ಯಂತ್ರ ಆರುವುದೋ ಓಡುತ್ತಲೇ ಇರುವುದೋ ನೋಡುತ್ತಿದ್ದರು. ಆರಿದರೆ, “ಇದು ಯುಪಿಎಸ್ ಅಲ್ಲ, ಸ್ಟೂಲು. ಬ್ಯಾಟ್ರಿ ಹಾಕ್ಸಿ, ಆಮೇಲೆ ಕರೀರಿ” ಎಂದು ಚೀಲ ಎತ್ತಿಕೊಂಡು ಹೊರಡುತ್ತಿದ್ದರು. ಮದುವೆ ದಿನ ಹತ್ತಿರವಿರುವ ಮನೆಗೆ, ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಗೆ, ತೆರಿಗೆ ಕಟ್ಟುವ ಕೊನೆ ವಾರದಲ್ಲಿ ಲೆಕ್ಕಿಗರ ಮನೆಗೆ ಹೋಗುತ್ತಲೇ ಇರಲಿಲ್ಲ. ಯಂತ್ರಕ್ಕೆ ಹೊಸದನ್ನು ಹೊರುವ ಶಕ್ತಿ ಇಲ್ಲದಿದ್ದರೆ, ಏನೇನೋ ಕಸರತ್ತು ಮಾಡಿ ತುರುಕುವುದೂ ಇಲ್ಲ. “ನೆಟ್ ಕಿತ್ತುಹಾಕಿ, ಇದನ್ನ ಟೈಪ್ ಮಾಡೋಕೆ ಇಟ್ಕೊಳ್ಳಿ. ಬ್ಯಾಂಕಿನ ಕೆಲಸ ಇದರಲ್ಲಿ ಬೇಡ.” ಕದ್ದ ವಿಂಡೋಸ್ ಹಾಕಿಕೊಡಿ ಎಂದವರನ್ನು ಅವರು ಕನ್ನಡಕ ತೆಗೆದು ನೋಡುತ್ತಿದ್ದರು, ಅಷ್ಟೆ.

ಎಲ್ಲ ಸರಿಯಿದ್ದು ಕೆಲಸ ಶುರುವಾದ ಮೇಲೆ ಅವರು ಬೇರೆಯೇ ಮನುಷ್ಯರು. ಪರದೆಯ ಮೇಲೆ ಶೇಕಡಾವಾರು ಏರುವುದನ್ನು ನೋಡುತ್ತ ಕೂರುವುದು ಅವರಿಗೆ ಆಗದು. “ಬಸ್ ಹೊರಡೋದು ಇನ್ನೈದೇ ನಿಮಿಷ ಅಂತ ನಮ್ಮನೆಯವರು ಹೇಳ್ತಿದ್ರಲ್ಲ, ಹಂಗೇ ಇದೂ” ಎಂದು ಕುರ್ಚಿ ತಿರುಗಿಸಿಕೊಂಡು ಮನೆಯವರ ಹತ್ತಿರ ಕೆಲಸ ಕೇಳುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಅವರ ಮಡಿಲಿಗೊಂದು ಮೊರ ಬರುತ್ತಿತ್ತು. ಕಾಳು ಬಿಡಿಸುತ್ತ ಮನೆಯ ಹೆಂಗಸರ ಜೊತೆ ಊರಿನ ಮಾತೆಲ್ಲ ಆಡುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಮೌಸ್ ಕಡೆ ಕೈ ಚಾಚಿದರೆ ಮಾತ್ರ, ತಿರುಗಿಯೂ ನೋಡದೆ, “ಕೈ” ಎನ್ನುತ್ತಿದ್ದರು. ಒಂದೇ ಮಾತು. ಕೈ ಹಿಂದೆ ಸರಿಯುತ್ತಿತ್ತು.

ಅವರನ್ನು ನೆನೆದಾಗ ನನಗೆ ಮೊದಲು ಹೊಳೆಯುವುದು ಮುನಿರಾಜು ಅವರ ಮನೆ. ಅಲ್ಲಿ ನಡೆದದ್ದಕ್ಕೆ ನಾನು ಪಕ್ಕದಲ್ಲಿದ್ದ ಸಾಕ್ಷಿ. ಇದು ಹೇಳಿಕೆಯ ಮಾತಲ್ಲ, ಅಕ್ಷರಶಃ ಸಾಕ್ಷಿಯಾಗಲೆಂದೇ ಮೇಡಂ ನನ್ನನ್ನು ಕರೆದುಕೊಂಡು ಹೋಗಿದ್ದರು.

ಮುನಿರಾಜು ಅವರದು ನೇಕಾರರ ಮನೆ. ಹಿಂದೆ ವಿದ್ಯುತ್ ಮಗ್ಗಗಳು, ಮುಂದೆ ಹಜಾರ, ಹಜಾರದ ಮೂಲೆಯಲ್ಲಿ ಕಂಪ್ಯೂಟರು. ಅವರ ಮಗಳು ಪುಷ್ಪ ಅದರಲ್ಲಿ ಸೀರೆಯ ನಕ್ಷೆ ಬರೆಯುತ್ತಾಳೆ. ಪರದೆಯ ಮೇಲೆ ಒಂದೊಂದು ಎಳೆಯೂ ಒಂದೊಂದು ಚೌಕ. ನಕ್ಷೆ ಮುಗಿದ ಮೇಲೆ ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಸಿ ಮಗ್ಗದ ಮೇಲೆ ಏರಿಸುತ್ತಾರೆ. ಆ ತೂತು ಹೇಳಿದಂತೆ ಸೀರೆಯಲ್ಲಿ ಹೂವೋ ಹಣ್ಣೋ ಏಳುತ್ತದೆ. ಆ ವರ್ಷ ಪುಷ್ಪ ತಿಂಗಳುಗಟ್ಟಲೆ ಕೂತು ಒಂದು ಸೆರಗು ಬರೆದಿದ್ದಳು. ದೇವನಹಳ್ಳಿ ಕಡೆಯ ಚಕ್ಕೋತದ ಹಣ್ಣು, ಎಲೆ, ದಪ್ಪ ಬಿಳಿ ಹೂವು. ಬೆಂಗಳೂರಿನ ಸೀರೆ ಅಂಗಡಿಯವರು ಅದರ ಬಣ್ಣದ ಚಿತ್ರ ನೋಡಿ ಮದುವೆ ಕಾಲಕ್ಕೆ ಬೇಕೆಂದು ಒಪ್ಪಿದ್ದರು. ಅವಳು ಸ್ವಂತವಾಗಿ ಬರೆದದ್ದರಲ್ಲಿ ಒಪ್ಪಿಗೆಯಾದ ಮೊದಲ ಸೆರಗು ಅದು. ಕಾರ್ಡಿಗೆ ತೂತು ಹೊಡೆಸುವುದು ಇನ್ನೂ ಬಾಕಿ. ಅಂದರೆ ಆ ಸೆರಗು ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ.

ಅಷ್ಟರಲ್ಲಿ ಅವರ ಹಳೆಯ ವಿಂಡೋಸ್‌ಗೆ ಭದ್ರತೆಯ ಅಪ್‌ಡೇಟ್ ಬರುವುದು ನಿಂತುಹೋಯಿತು. ಪಕ್ಕದ ಬೀದಿಯ ಇನ್ನೊಂದು ನೇಕಾರರ ಮನೆಯಲ್ಲಿ ಇಂಥದೇ ಹಳೆಯ ಯಂತ್ರಕ್ಕೆ ಏನೋ ಹೊಕ್ಕು, ಫೈಲುಗಳೆಲ್ಲ ಬೀಗ ಹಾಕಿದಂತಾಗಿ ತೆರೆಯದೇ ಹೋದವು. ಮುನಿರಾಜು ಹೆದರಿದರು. ಮೇಡಂಗೆ ಫೋನ್ ಮಾಡಿದರು.

“ಆರ್ಡರ್ ಮುಗೀಲಿ, ಆಮೇಲೆ ಮಾಡೋಣ. ಅಲ್ಲೀವರೆಗೂ ನೆಟ್ ಕಿತ್ತಿಡಿ” ಎಂದರು ಮೇಡಂ.

“ನೆಟ್ ಇಲ್ದೆ ಅಂಗಡಿಯವರಿಗೆ ನಕ್ಷೆ ತೋರ್ಸೋದು ಹೆಂಗೆ ಮೇಡಂ? ನೀವು ಬನ್ನಿ.”

ಮೇಡಂ ಹೋಗಿ ನೋಡಿದರು. ಯಂತ್ರ ಹೊಸದನ್ನು ಹೊರಬಲ್ಲುದು. ನಕ್ಷೆ ಬರೆಯುವ ತಂತ್ರಾಂಶ ಮಾರಿದವರಿಗೆ ಫೋನ್ ಮಾಡಿ, ಹೊಸ ವಿಂಡೋಸ್‌ನಲ್ಲೂ ಅದು ಓಡುತ್ತದೆ ಎಂದು ಕೇಳಿಕೊಂಡರು. ಹಾರ್ಡ್ ಡಿಸ್ಕ್ ಮಾತ್ರ ಹಳತು. “ಅಪ್‌ಗ್ರೇಡ್ ಅಂದ್ರೆ ಇದಕ್ಕೆ ಒಂದೇ ದಿನ ಒಂದು ವರ್ಷದ ದುಡಿಮೆ. ತಡೆದ್ರೂ ತಡೀಬಹುದು, ಇಲ್ದೇನೂ ಇರಬಹುದು. ಎರಡು ಕಾಪಿ ತೆಗೀತೀನಿ. ಒಂದು ಈ ಮನೇಲಿ, ಇನ್ನೊಂದು ಆಚೆ ಮನೇಲಿ” ಎಂದರು.

ಮುನಿರಾಜು ಕೂತಿದ್ದವರು ಎದ್ದು ನಿಂತರು. “ಆಚೆ ಮನೇಲಾ? ನಕ್ಷೆ ಹೊಸ್ತಿಲು ದಾಟಲ್ಲ ಮೇಡಂ. ನಮ್ ತಾತನ ಕಾಲದಿಂದ್ಲೂ ದಾಟಿಲ್ಲ.”

ಇದು ಅವರೊಬ್ಬರ ಮೊಂಡುತನವಲ್ಲ. ನೇಕಾರರಲ್ಲಿ ಒಳ್ಳೆಯ ನಕ್ಷೆಯ ಕಾರ್ಡನ್ನು ಅಣ್ಣ ತಮ್ಮನಿಗೂ ಕೊಡುವುದಿಲ್ಲ. ಒಂದು ನಕ್ಷೆಗೆ ಒಂದೇ ಜೊತೆ ಕಾರ್ಡು. ಅದು ಅಟ್ಟದ ಮೇಲಿರುತ್ತದೆ. ಆ ಸೀರೆ ಕೇಳುವವರಿಲ್ಲದಾದ ಮೇಲೆ ನೀರೊಲೆಗೆ ಹೋಗುತ್ತದೆ. ಎರಡನೇ ಪ್ರತಿ ಎಂದರೆ ಅವರ ಕಿವಿಗೆ ಭದ್ರತೆ ಎಂದು ಕೇಳಿಸುವುದಿಲ್ಲ, ಕಳ್ಳತನ ಎಂದು ಕೇಳಿಸುತ್ತದೆ.

“ಹಂಗಾದ್ರೆ ನಾನು ಮುಟ್ಟಲ್ಲ” ಎಂದು ಮೇಡಂ ಚೀಲ ಎತ್ತಿಕೊಂಡರು. ಪುಷ್ಪ ಬಾಗಿಲಲ್ಲಿ ಅಡ್ಡ ನಿಂತಳು. ಆಮೇಲೆ ಬಹಳ ಹೊತ್ತು ಚೌಕಾಸಿ ನಡೆಯಿತು. ಕೊನೆಗೆ ಮುನಿರಾಜು ಒಂದು ಕಾಪಿಗೆ ಒಪ್ಪಿದರು, ಎರಡಕ್ಕೆ ಇಲ್ಲ. ಒಂದೇ ಕಾಪಿಯಾದರೆ ಅದು ಮನೆಯ ಆಚೆಯೇ ಇರಬೇಕು ಎಂದರು ಮೇಡಂ. ಬೆಂಕಿಯೋ ಕಳ್ಳನೋ ಬಂದರೆ ಯಂತ್ರವೂ ಕಾಪಿಯೂ ಒಟ್ಟಿಗೇ ಹೋಗುತ್ತವೆ.

“ಸರಿ, ನಿಮ್ಮನೇಲಿ ಇಟ್ಕೊಳ್ಳಿ” ಎಂದರು ಮುನಿರಾಜು.

“ಬೇಡ. ನಾಳೆ ಇದೇ ಸೆರಗು ಯಾರದೋ ಮಗ್ಗದ ಮೇಲೆ ಕಂಡ್ರೆ, ಮೊದ್ಲು ನನ್ ಬಾಗಿಲಿಗೆ ಬರ್ತೀರ. ಎದುರು ಮನೇಲಿ ಇಡಿ.”

ಎದುರು ಮನೆ ಗೋವಿಂದರಾಜು ಅವರದು. ಮುನಿರಾಜು ಅವರ ಹೆಂಡತಿಯ ತಮ್ಮ, ಪುಷ್ಪಳ ಸೋದರಮಾವ. ಅವರೂ ನೇಕಾರರು, ಅದೇ ಅಂಗಡಿಗಳಿಗೆ ಮಾಲು ಹಾಕುವವರು. ಪುಷ್ಪಳ ತಾಯಿ ಇರುವವರೆಗೂ ಎರಡು ಮನೆಗಳ ನಡುವೆ ಸಾರಿನ ಪಾತ್ರೆ ಓಡಾಡುತ್ತಿತ್ತು. ಆಕೆ ತೀರಿಕೊಂಡ ಮೇಲೆ ಮಾತು ಕಡಿಮೆಯಾಗುತ್ತ ಬಂದು, ಒಂದು ಅಂಚಿನ ನಕ್ಷೆ ಯಾರದು ಎಂಬ ತಕರಾರಿನಲ್ಲಿ ನಿಂತೇಹೋಗಿತ್ತು.

“ನಿಮಗೇನಾದ್ರೂ ತಲೆ ಕೆಟ್ಟಿದ್ಯಾ ಮೇಡಂ?” ಎಂದರು ಮುನಿರಾಜು.

“ಅವರ ಯಂತ್ರಕ್ಕೂ ಇಷ್ಟೇ ವಯಸ್ಸು. ಅವರೂ ಕರೆದಿದಾರೆ. ಅವರಿಗೂ ಇದೇ ಹೇಳ್ದೆ, ಅವರೂ ಇದೇ ಮಾತು ಬೈದ್ರು. ಅವರ ಡಿಸ್ಕ್ ನಿಮ್ ಬೀರುವಿನಲ್ಲಿ, ನಿಮ್ದು ಅವರ ಬೀರುವಿನಲ್ಲಿ. ಒಬ್ರು ಬಿಚ್ಚಿದ್ರೆ ಇನ್ನೊಬ್ರು ಸುಮ್ನೆ ಇರ್ತೀರಾ? ಇದಕ್ಕಿಂತ ಗಟ್ಟಿ ಬೀಗ ನಂಗೊತ್ತಿಲ್ಲ.”

ಎರಡೂ ಮನೆಯವರು ಅದಕ್ಕೆ ಒಪ್ಪಿದರು. ಆದರೆ ಡಿಸ್ಕಿಗೆ ಪಾಸ್‌ವರ್ಡ್ ಹಾಕಿಕೊಡುತ್ತೇನೆ ಎಂದರೆ ಇಬ್ಬರೂ ಬೇಡವೆಂದರು. ಕಣ್ಣಿಗೆ ಕಾಣದ ಬೀಗದ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಡಿಸ್ಕನ್ನು ರವಿಕೆ ಬಟ್ಟೆಯ ಚೀಲದಲ್ಲಿ ಹಾಕಿ, ಬಾಯಿಯನ್ನು ರೇಷ್ಮೆ ಎಳೆಯಲ್ಲಿ ಹೊಲಿದು ಗಂಟು ಹಾಕುವುದೆಂದಾಯಿತು. ದಿನವೂ ಮಗ್ಗದ ಮೇಲೆ ಕಡಿದ ಎಳೆಗಳನ್ನು ಗಂಟು ಹಾಕುವ ಕೈಗಳು ಅವು. ತಮ್ಮ ಗಂಟು ಯಾವುದು, ಬೇರೆಯವರು ಬಿಚ್ಚಿ ಹಾಕಿದ್ದು ಯಾವುದು ಎಂದು ನೋಡಿದರೆ ಗೊತ್ತಾಗುತ್ತದೆ.

ಮೇಡಂ ಕಾಪಿ ತೆಗೆದರು. ತಮ್ಮ ಲ್ಯಾಪ್‌ಟಾಪಿಗೆ ಹಾಕಿ ಪುಷ್ಪಳ ಕೈಯಲ್ಲಿ ನಕ್ಷೆಗಳನ್ನು ತೆರೆಸಿದರು. ಚಕ್ಕೋತದ ಸೆರಗನ್ನೂ ತೆರೆದು ನೋಡಿದ್ದಾಯಿತು. ಡಿಸ್ಕನ್ನು ಮುನಿರಾಜು ಕೈಗೆ ಕೊಟ್ಟು, “ಬೆಳಿಗ್ಗೆ ಚೀಲ ಹೊಲ್ದು ತನ್ನಿ” ಎಂದರು. ಎದುರು ಮನೆಯಲ್ಲೂ ಹೀಗೇ ಕಾಪಿ ತೆಗೆದುಕೊಟ್ಟು ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ಚೀಲಗಳ ವಿನಿಮಯ ನಡುರಸ್ತೆಯಲ್ಲಿ ನಡೆಯಿತು. ಯಾರೂ ಮೊದಲು ಇನ್ನೊಬ್ಬರ ಮನೆಗೆ ಹೋಗಲು ಒಪ್ಪದ್ದರಿಂದ ಬೇರೆ ದಾರಿಯಿರಲಿಲ್ಲ. ಭಾವ ಒಂದು ಕಡೆಯಿಂದ, ಭಾವಮೈದ ಇನ್ನೊಂದು ಕಡೆಯಿಂದ ಬಂದರು. ಬಿಚ್ಚುವುದಿಲ್ಲ ಎಂದು ಇಬ್ಬರೂ ಪ್ರಮಾಣ ಮಾಡಿದರು. ನಾನು ಸಾಕ್ಷಿಯಾಗಿ ನಿಂತಿದ್ದೆ. ಹಿಂದಿನಿಂದ ಹಾಲಿನ ಗಾಡಿಯವನು ಹಾರನ್ ಹೊಡೆದು, “ಏನ್ ಗುರೂ, ರೋಡಲ್ಲೇ ನಿಶ್ಚಿತಾರ್ಥನಾ?” ಎಂದ. ಯಾರೂ ನಗಲಿಲ್ಲ.

ಆ ಮಧ್ಯಾಹ್ನವೇ ಮುನಿರಾಜು ಅವರ ಕಂಪ್ಯೂಟರಿಗೆ ಮೇಡಂ ಕೈಹಾಕಿದರು. ಅರ್ಧ ದಾರಿಯಲ್ಲಿ ಯಂತ್ರದ ಒಳಗಿನಿಂದ ಕಟಕಟ ಎಂದು ಸದ್ದು ಶುರುವಾಯಿತು. ಪರದೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಮೇಡಂ ಅವರೆಕಾಯಿಯ ಮೊರವನ್ನು ಕೆಳಗಿಟ್ಟು, ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿ, ಸ್ವಿಚ್ ಆರಿಸಿದರು.

“ಡಿಸ್ಕ್ ಹೋಯ್ತು.”

ಪುಷ್ಪ ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ಡಿಸ್ಕ್ ಹೋಗಿದೆ, ನಕ್ಷೆ ಹೋಗಿಲ್ಲ ಬೇಟಾ. ಎದುರು ಮನೇಲಿದೆ. ನಾಳೆ ಹೊಸ ಡಿಸ್ಕ್ ಹಾಕ್ತೀನಿ.”

ಪುಷ್ಪ ಸಮಾಧಾನಗೊಂಡಳು. ಮುನಿರಾಜು ಅವರಿಗೆ ಸಮಾಧಾನವಾಗಲಿಲ್ಲ. ಸತ್ತ ಡಿಸ್ಕನ್ನು ಬೆಂಗಳೂರಿನಲ್ಲಿ ಎಲ್ಲಾದರೂ ಬದುಕಿಸುತ್ತಾರಾ ಎಂದು ಮೇಡಂ ಅವರನ್ನು ಕೇಳಿದರು. ಅದರ ಅಗತ್ಯವಿಲ್ಲ ಎಂದರೂ ಮತ್ತೆ ಕೇಳಿದರು. ಸಂಜೆ ನನ್ನ ಮನೆಗೆ ಬಂದು ನನಗೆ ಅಂಥವರು ಯಾರಾದರೂ ಗೊತ್ತೇ ಎಂದು ವಿಚಾರಿಸಿದರು. ಕಾಪಿ ಇದೆಯಲ್ಲ ಎಂದೆ. “ಇದೆ, ಇದೆ” ಎಂದು ಎದ್ದು ಹೋದರು. ವಿಚಿತ್ರ ಅನ್ನಿಸಿತು. ಕಾರಣ ಹೊಳೆಯಲಿಲ್ಲ.

ಮಾರನೆಯ ದಿನ ಮೇಡಂ ಹೊಸ ಡಿಸ್ಕ್ ಜೋಡಿಸಿ, ಹೊಸ ವಿಂಡೋಸ್ ಹಾಕಿ, ನಕ್ಷೆಯ ತಂತ್ರಾಂಶವನ್ನೂ ಕೂರಿಸಿದರು. ಎದುರು ಮನೆಗೆ ಹೇಳಿಕಳಿಸಿದರು. ಗೋವಿಂದರಾಜು ಟವೆಲ್ಲಿನಲ್ಲಿ ಸುತ್ತಿದ ಚೀಲ ತಂದು ಹಜಾರದ ಮೇಜಿನ ಮೇಲಿಟ್ಟು, ಬಾಗಿಲ ಹತ್ತಿರವೇ ನಿಂತರು. ಪುಷ್ಪ ಚೀಲವನ್ನು ಬೆಳಕಿಗೆ ಹಿಡಿದು ನೋಡಿದಳು. “ನನ್ ಗಂಟೇ” ಎಂದಳು. ಎಳೆ ಕತ್ತರಿಸಿದಳು.

ಹಳೆಯ ಅಂಚುಗಳು ಬಂದವು. ಬುಟ್ಟಾಗಳು ಬಂದವು. ಹಿಂದಿನ ವರ್ಷಗಳ ಸೆರಗುಗಳೆಲ್ಲ ಬಂದವು. ಚಕ್ಕೋತದ ಸೆರಗು ಇರಲಿಲ್ಲ.

ಪುಷ್ಪ ಮತ್ತೆ ಹುಡುಕಿದಳು. ಬೇರೆ ಹೆಸರಿನಲ್ಲಿ ಹುಡುಕಿದಳು. ಆಮೇಲೆ ನಿಧಾನವಾಗಿ ಬಾಗಿಲ ಕಡೆ ತಿರುಗಿದಳು.

“ಮಾವ, ನೀವು ತೆಗೆದ್ರಾ?”

“ಗಂಟು ನೋಡಿದ್ದು ನೀನೇ ಅಲ್ವೇನಮ್ಮ?”

“ಮತ್ತೆ ಎಲ್ಲಿ ಹೋಯ್ತು? ಮೇಡಂ ಎದುರಿಗೇ ತೆರೆದಿದ್ದೆ ನಾನು. ನಿಮ್ಮನೇಲಿ ಬಿಟ್ರೆ ಇನ್ನೆಲ್ಲೂ ಇರ್ಲಿಲ್ಲ ಅದು.”

ಗೋವಿಂದರಾಜು ಮುನಿರಾಜು ಕಡೆ ನೋಡಿದರು. ಮುನಿರಾಜು ನೆಲ ನೋಡುತ್ತಿದ್ದರು. “ನೀವೂ ಹಿಂಗೇ ಅನ್ಕೊಂಡಿದೀರಾ ಭಾವ?” ಗೋವಿಂದರಾಜು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಡಲು ತಿರುಗಿದರು.

“ಯಾರೂ ಹೋಗ್ಬೇಡಿ” ಎಂದರು ಮೇಡಂ. “ಪುಷ್ಪ, ಆ ಡಿಸ್ಕ್‌ಗೆ ಹೊಸದೇನೂ ಹಾಕ್ಬೇಡ, ಕೊಡು ಇಲ್ಲಿ.”

ಡಿಸ್ಕನ್ನು ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಅಳಿಸಿದ ಫೈಲುಗಳನ್ನು ಹುಡುಕುವ ತಂತ್ರಾಂಶವೊಂದು ಅವರಲ್ಲಿತ್ತು. ಅಳಿಸಿದ್ದು ತಕ್ಷಣ ನಾಶವಾಗುವುದಿಲ್ಲ, ಅದರ ಮೇಲೆ ಬೇರೇನೂ ಬರೆಯದಿದ್ದರೆ ಹೆಚ್ಚಾಗಿ ಉಳಿದಿರುತ್ತದೆ ಎಂದು ಹಿಂದೊಮ್ಮೆ ನನಗೆ ಹೇಳಿದ್ದರು. ನಾನು ಅವರ ಹೆಗಲ ಹಿಂದೆ ನಿಂತಿದ್ದೆ. ಪಟ್ಟಿ ಮೂಡಿತು. ಚಕ್ಕೋತದ ಸೆರಗು ಅದರಲ್ಲಿತ್ತು. ಪಕ್ಕದಲ್ಲಿ ಅಳಿಸಿದ ದಿನ, ಹೊತ್ತು. ಮೇಡಂ ಕಾಪಿ ತೆಗೆದುಕೊಟ್ಟು ಮನೆಗೆ ಹೋದ ದಿನದ ಸಂಜೆ. ಚೀಲ ಇನ್ನೂ ಹೊಲಿದಿರಲಿಲ್ಲ. ಡಿಸ್ಕ್ ಇನ್ನೂ ರಸ್ತೆ ದಾಟಿರಲಿಲ್ಲ.

ಮೇಡಂ ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸಿದರು. ದಿನಾಂಕವನ್ನು ಓದಿ ಹೇಳಲಿಲ್ಲ. ಕುರ್ಚಿಯಿಂದ ಎದ್ದರು.

“ಮುನಿರಾಜು ಅವ್ರೇ, ಬನ್ನಿ. ಕೂತ್ಕೊಳ್ಳಿ. ಇಲ್ಲಿ ವಾಪಸ್ ತರೋ ಬಟನ್ ಇದೆ. ನೀವೇ ಒತ್ತಬೇಕು.”

“ನಂಗೆ ಬರಲ್ಲ ಮೇಡಂ. ನೀವೇ ಒತ್ತಿ.”

“ತೆಗೆಯೋಕೆ ಬಂತಲ್ಲ.”

ಹಿಂದೆ ಮಗ್ಗಗಳು ಓಡುತ್ತಲೇ ಇದ್ದವು. ಮುನಿರಾಜು ಬಂದು ಕೂತರು. ಅವರ ಬೆರಳಿಗೆ ಮೌಸ್ ಸರಿಯಾಗಿ ಸಿಗಲಿಲ್ಲ. ಮೇಡಂ ಸಹಾಯ ಮಾಡಲಿಲ್ಲ. ಎಲ್ಲರೂ ನೋಡುತ್ತಿರುವಾಗ ಅವರು ಬಟನ್ ಒತ್ತಿದರು. ಫೈಲು ವಾಪಸ್ ಬಂದು ಕಂಪ್ಯೂಟರಿನ ಹೊಸ ಡಿಸ್ಕಿಗೆ ಸೇರಿತು. ಪುಷ್ಪ ತೆರೆದಳು. ಹಿಗ್ಗಿಸಿ ಹಿಗ್ಗಿಸಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಎಲೆ, ಹಣ್ಣು, ಹೂವು ಎಲ್ಲ ನೋಡುತ್ತ ಹೋದಳು.

“ಎಲ್ಲಾ ಇದೆ ಮೇಡಂ” ಎಂದಳು ಕೊನೆಗೆ. ಆಮೇಲೆ ತಂದೆಗೆ, “ನಂಗಾದ್ರೂ ಒಂದು ಮಾತು ಹೇಳ್ಬಾರ್ದಾಗಿತ್ತಾ ಅಪ್ಪ? ಮಾವನ್ನ ನನ್ ಬಾಯಲ್ಲಿ ಕಳ್ಳ ಅನ್ಸಿದ್ಯಲ್ಲ.”

“ಅದೊಂದು ಮಾತ್ರ ಆಚೆ ಹೋಗೋದು ಬೇಡ ಅನ್ನಿಸ್ತು ಕಣಮ್ಮ. ಮೆಷಿನ್‌ನಲ್ಲಿ ಹೆಂಗೂ ಇದ್ಯಲ್ಲ ಅಂತ.” ಮುನಿರಾಜು ಗೋವಿಂದರಾಜು ಕಡೆ ತಿರುಗಿದರು. “ನಂದೇ ತಪ್ಪು ಗೋವಿಂದ.”

“ನಮ್ಮನೇಲಿ ನಿಮ್ದು ಭದ್ರವಾಗೇ ಇತ್ತು ಭಾವ. ನಿಮ್ಮನೇಲೇ ಇರ್ಲಿಲ್ಲ” ಎಂದರು ಗೋವಿಂದರಾಜು. ಆದರೆ ಹೊರಟವರು ಹೊರಡಲಿಲ್ಲ. ಬಾಗಿಲ ಹತ್ತಿರವೇ ನಿಂತು ಟವೆಲ್ಲಿನ ತುದಿ ತಿರುವುತ್ತಿದ್ದರು.

“ಇನ್ನೇನು?” ಎಂದರು ಮೇಡಂ.

“ಮೇಡಂ, ನಮ್ ಡಿಸ್ಕ್‌ನಲ್ಲೂ ಒಂದಷ್ಟು ಇಲ್ಲ.”

“ಯಾವುದು?”

“ಹೋದ್ ದೀಪಾವಳಿಗೆ ಮಾಡಿದ್ದು. ಅಷ್ಟೂ.”

ಮುನಿರಾಜು ಕುರ್ಚಿಯಿಂದ ಎದ್ದೇಬಿಟ್ಟರು. “ಲೇ ಗೋವಿಂದ! ನಡುರೋಡಲ್ಲಿ ಪ್ರಮಾಣ ಮಾಡಿದ್ಯಲ್ಲೋ!”

“ಬಿಚ್ಚಲ್ಲ ಅಂತ ಮಾಡಿದ್ದು ಭಾವ. ಎಲ್ಲಾ ಹಾಕಿದೀಯಾ ಅಂತ ಯಾರ್ ಕೇಳಿದ್ರು?”

ಪುಷ್ಪ ನಕ್ಕುಬಿಟ್ಟಳು. ನಾನೂ ನಕ್ಕೆ. ಮೇಡಂ ನಗಲಿಲ್ಲ.

“ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ” ಎಂದರು. “ಏನೇನಿದೆ ಅಂತ ತೆರೆಸಿ ನೋಡ್ದೆ. ಹೊಲಿಯೋ ಹೊತ್ತಿಗೆ ಏನಿಲ್ಲ ಅಂತ ಕೇಳ್ಲಿಲ್ಲ. ಎರಡು ಕಾಪಿಗೆ ಹಠ ಹಿಡೀಲೂ ಇಲ್ಲ. ಅದೂ ನನ್ ತಪ್ಪೇ.”

“ಇರ್ಲಿ ಬಿಡಿ ಮೇಡಂ, ನಾಳೆ ಬಂದು ನಮ್ದೂ ಸರಿಯಾಗಿ ಹಾಕ್ಕೊಡಿ” ಎಂದರು ಗೋವಿಂದರಾಜು.

“ನಾಳೆ ತನಕ ನಿಮ್ ಡಿಸ್ಕ್ ಕಾಯುತ್ತೆ ಅಂತ ಯಾರ್ ಹೇಳಿದ್ರು? ನಡೀರಿ, ಈಗ್ಲೇ.”

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಅವರು ಆಗಲೇ ಮೆಟ್ಟಿಲಿಳಿದಿದ್ದರು. ಮುನಿರಾಜು ಒಳಗೆ ಹೋಗಿ, ಬೀರುವಿನಿಂದ ಗೋವಿಂದರಾಜು ಮನೆಯ ಚೀಲ ತಂದರು. ಭಾವಮೈದನ ಕೈಗೆ ಕೊಡಲು ಚಾಚಿದವರು ಕೊಡಲಿಲ್ಲ. ತಾವೇ ಹಿಡಿದುಕೊಂಡು, ಮೇಡಂ ಹಿಂದೆ ರಸ್ತೆ ದಾಟಿ ಎದುರು ಮನೆಯ ಒಳಗೆ ಹೋದರು.